ಪದ್ಮನಾಭ ಭಟ್ಟರ ಗ್ಯಾಸ್ ತೀರ್ಮಾನ

ಪದ್ಮನಾಭ ಭಟ್ಟರು ಜೀವನದಲ್ಲಿ ಒಂದೇ ಒಂದು ತಪ್ಪು ತೀರ್ಮಾನ ಮಾಡಿದವರಲ್ಲ. ಸರಿಯಾದದ್ದನ್ನೂ ಮಾಡಿದವರಲ್ಲ. ತೀರ್ಮಾನ ಎಂಬ ವಸ್ತುವನ್ನು ಕಂಡರೆ ಮಡಿಯಲ್ಲಿದ್ದವರ ಹಾಗೆ ಪಕ್ಕಕ್ಕೆ ಸರಿದು ಹೋಗುವುದು ಅವರ ಪದ್ಧತಿ.

ಕುಂದಾಪುರದ ಕಡೆಯ ಈ ಮನುಷ್ಯ ಸೂರತ್ತಿಗೆ ಬಂದದ್ದು ಸೋದರಮಾವ ಕೈಯಲ್ಲಿ ಟಿಕೀಟು ತುರುಕಿ ಬಸ್ಸು ಹತ್ತಿಸಿದ್ದರಿಂದ. ಅಲ್ಲಿನ ಅಡಾಜಣ ಬಡಾವಣೆಯ ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂತದ್ದು ಯಜಮಾನರು "ಅಲ್ಲಿ ಕೂತ್ಕೊ ಮಾರಾಯ" ಎಂದದ್ದರಿಂದ. ಇನ್ನು ಮದುವೆ. ಹೆಣ್ಣು ನೋಡಲು ಹೋದ ದಿನ "ಹುಡುಗಿ ಹೇಗೆ?" ಎಂದು ಕೇಳಿದವರಿಗೆಲ್ಲ ಅವರು "ಕಾಂಬ, ಕಾಂಬ" ಎಂದರು. ನೋಡೋಣ ಎನ್ನುವುದಕ್ಕೆ ಅವರ ಊರಿನ ಮಾತು ಅದು. ಸಂಜೆಯವರೆಗೂ ಕಾಂಬ ಎನ್ನುತ್ತಲೇ ಇದ್ದದ್ದನ್ನು ಕೇಳಿ ಬೇಸತ್ತು, ಒಳಗಿದ್ದ ಗಿರಿಜೆಯೇ "ನಂಗೆ ಅಡ್ಡಿ ಇಲ್ಲ, ಮುಂದಿನ ಮಾತಾಡಿ" ಎಂದು ತಂದೆಗೆ ಹೇಳಿ ಕಳಿಸಿದಳು. ಅಂದಿನಿಂದ ಮನೆಯ ತೀರ್ಮಾನಗಳ ಇಲಾಖೆ ಅವಳದಾಯಿತು. ಫ್ಲ್ಯಾಟು ಯಾವುದು, ಮಗಳು ನಮಿತಾಳಿಗೆ ಶಾಲೆ ಯಾವುದು, ಭಟ್ಟರ ಅಂಗಿಯ ಬಟ್ಟೆ ಯಾವುದು, ಎಲ್ಲ ಗಿರಿಜೆಯೇ. ಭಟ್ಟರು ಹಾಯಾಗಿದ್ದರು.

ಇಂಥ ಮನೆಗೆ ದಸರೆಗೆ ಮುಂಚೆ ಗ್ಯಾಸ್ ಕಂಪನಿಯ ಕಾಗದ ಬಂತು.

ಅವರಿದ್ದ ಸೊಸೈಟಿಗೆ ಪೈಪಿನ ಗ್ಯಾಸು ಬಂದು ಎರಡು ವರ್ಷವಾಗಿತ್ತು. ನಲ್ಲಿಯಲ್ಲಿ ನೀರು ಬರುವಂತೆ ಒಲೆಗೆ ಗ್ಯಾಸು ಬರುವುದು, ಮೀಟರು ಓಡುವುದು, ಬಿಲ್ಲು ಬರುವುದು. ಸೇರಿಕೊಂಡವರಿಗೆ ಎರಡು ವರ್ಷ ದರ ಅಲ್ಲಾಡುವುದಿಲ್ಲ ಎಂದು ಕಂಪನಿ ಆಗ ಮಾತು ಕೊಟ್ಟಿತ್ತು. ಆ ಮಾತು ದೀಪಾವಳಿಗೆ ಮುಗಿಯುತ್ತದೆ, ಇನ್ನು ಮೂರು ದಾರಿಗಳಿವೆ ಎಂದು ಕಾಗದ ಹೇಳುತ್ತಿತ್ತು. ಸ್ವಲ್ಪ ಹೆಚ್ಚಿನ ದರಕ್ಕೆ ಒಪ್ಪಿ ಮತ್ತೆ ಫಿಕ್ಸ್ ಮಾಡಿಕೊಳ್ಳಬಹುದು. ಇಲ್ಲವೇ ಮಾರುಕಟ್ಟೆಯಂತೆ ಏರಿ ಇಳಿಯುವ ದರಕ್ಕೆ ಹೋಗಬಹುದು. ಎರಡೂ ಬೇಡವಾದರೆ ಪೈಪು ಕಿತ್ತುಹಾಕಿ ಹಳೆಯ ಸಿಲಿಂಡರಿಗೇ ಮರಳಬಹುದು. ಏನನ್ನೂ ಹೇಳದವರು ತಾವಾಗಿ ಎರಡನೆಯದಕ್ಕೆ ಹೋಗುತ್ತಾರೆ.

ಏನೂ ಹೇಳದಿದ್ದರೂ ನಡೆಯುತ್ತದೆ ಎಂಬ ಸಾಲು ಓದಿ ಭಟ್ಟರಿಗೆ ಕಂಪನಿಯ ಮೇಲೆ ಗೌರವ ಹುಟ್ಟಿತು. ಆದರೂ ಪದ್ಧತಿ ಬಿಡಬಾರದೆಂದು ಕಾಗದವನ್ನು ಹೆಂಡತಿಯ ಕಡೆಗೆ ಸರಿಸಿದರು. ಗಿರಿಜೆ ಅದನ್ನು ಒಂದು ಬೆರಳಿನಿಂದ ವಾಪಸು ತಳ್ಳಿದಳು.

"ಈ ಸಲ ನೀವು ಹೇಳಿ. ನಾನು ಬಾಯಿ ಬಿಡುದಿಲ್ಲ."

"ನಾನಾ? ನಂಗೆಂತ ಗೊತ್ತುಂಟು ಮಾರಾಯ್ತಿ?"

"ಗೊತ್ತಿಲ್ಲದಿದ್ರೆ ತಿಳ್ಕೊಳ್ಳಿ. ಸುಮ್ಮನೆ ಕೂತ್ರೆ ಅದು ತೀರ್ಮಾನ ಅಲ್ಲ, ಹೇಳಿದ್ದೇನೆ."

ಗಿರಿಜೆಗೆ ಕಾರಣವಿತ್ತು. ಹಿಂದಿನ ತಿಂಗಳು ನೆಂಟರೊಬ್ಬರ ಮನೆಯ ಉಪನಯನದಲ್ಲಿ, ಊಟದ ಪಂಕ್ತಿಯಲ್ಲಿ, ಯಾರೋ ಅವರ ಫ್ಲ್ಯಾಟಿನ ವಿಷಯ ತೆಗೆದಿದ್ದರು. ಬೇಸಗೆಯಲ್ಲಿ ಮೂರನೆಯ ಮಹಡಿಗೆ ನೀರು ಏರುವುದಿಲ್ಲವಂತೆ ಹೌದೇ ಎಂದು. ಭಟ್ಟರು ಪಾಯಸ ಹೀರುತ್ತ, "ನಂದೆಂತ ಉಂಟು? ಫ್ಲ್ಯಾಟು ಇವಳದ್ದೇ ತೀರ್ಮಾನ" ಎಂದರು. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಆ ಫ್ಲ್ಯಾಟಿಗಾಗಿ ಗಿರಿಜೆ ಬಿಸಿಲಿನಲ್ಲಿ ಊರೆಲ್ಲ ಸುತ್ತಿದ್ದಳು. ಸರಿಯಾದ ಎಲ್ಲದರಲ್ಲಿ ಗಂಡನಿಗೆ ಅರ್ಧ ಪಾಲು, ಹಾಳಾದದ್ದು ಮಾತ್ರ ಪೂರ್ತಿ ತನ್ನದು ಎಂಬುದು ಅವಳಿಗೆ ಅಂದು ಎಲೆಯ ಮುಂದೆ ಕೂತಲ್ಲೇ ಅರ್ಥವಾಗಿ ಕಣ್ಣಲ್ಲಿ ನೀರು ಬಂದಿತ್ತು. ಸಾರು ಖಾರವೆಂದು ಹೇಳಿ ಒರೆಸಿಕೊಂಡಿದ್ದಳು.

"ಇವತ್ತಿಂದ ಇಲಾಖೆ ನಿಮ್ಮದು" ಎಂದಳು ಗಿರಿಜೆ. "ರಾತ್ರಿಗೆ ಎಂತ ಅಡಿಗೆ ಅಂತಲೂ ನೀವೇ ಹೇಳಿ. ಸಾರಾ, ಹುಳಿಯಾ?"

ಭಟ್ಟರು ಬಹಳ ಹೊತ್ತು ಯೋಚಿಸಿ, "ಕಾಂಬ" ಎಂದರು.

ಆ ರಾತ್ರಿ ಗಂಜಿ. ಮರುದಿನವೂ ಗಂಜಿ. ಸಾರೋ ಹುಳಿಯೋ ತೀರ್ಮಾನವಾಗದ ಮನೆಯಲ್ಲಿ ಬೇರೇನನ್ನು ತಾನೆ ಬೇಯಿಸುವುದು? ಸೂರತ್ತಿನಲ್ಲೇ ಹುಟ್ಟಿ ಬೆಳೆದ ನಮಿತಾ ತಟ್ಟೆ ನೋಡಿ, "ಪಪ್ಪಾ, ಪ್ಲೀಸ್, ಕುಛ್ ತೋ ಡಿಸೈಡ್ ಕರೋ" ಎಂದು ಕೈ ಮುಗಿದಳು.

ಮಗಳ ಸಂಕಟ ನೋಡಲಾರದೆ ಭಟ್ಟರು ಬೆಳಿಗ್ಗೆ ಮೆಟ್ಟಿಲ ಬಳಿಯ ಗ್ಯಾಸ್ ಮೀಟರಿನ ಮುಂದೆ ಹೋಗಿ ನಿಂತರು. ದಿಟ್ಟಿಸಿ ನೋಡಿದರೆ ಏನಾದರೂ ಹೊಳೆಯಬಹುದೆಂದು ಅವರ ಎಣಿಕೆ. ಮೀಟರಿಗೆ ಭಟ್ಟರ ಕಷ್ಟ ಅರ್ಥವಾದಂತೆ ಕಾಣಲಿಲ್ಲ. ಅರ್ಥಮಾಡಿಕೊಂಡವರು ಜಶುಭಾಯಿ.

ಎರಡನೆಯ ಮಹಡಿಯ ಜಶುಭಾಯಿ ಹೀರಾ ಬಜಾರಿನಲ್ಲಿ ಜೀವಮಾನವಿಡೀ ವಜ್ರದ ದಲಾಲಿ ಮಾಡಿ ನಿವೃತ್ತರಾದವರು. ಆ ಬಜಾರಿನಲ್ಲಿ ಯಾರೂ ಇದ್ದದ್ದನ್ನು ಇದ್ದ ಹಾಗೆ ಹೇಳುವುದಿಲ್ಲ. ಹುಬ್ಬು ನೋಡಿ ದರ ತಿಳಿಯಬೇಕು, ಕೆಮ್ಮು ಕೇಳಿ ಮಾಲು ಅಳೆಯಬೇಕು. ಜಶುಭಾಯಿ ಕೆಲಸ ಬಿಟ್ಟರೂ ಅಭ್ಯಾಸ ಬಿಟ್ಟಿರಲಿಲ್ಲ. ಹಾಲಿನವನು ಸೈಕಲ್ಲು ಎಡಕ್ಕೆ ನಿಲ್ಲಿಸಿದರೂ ಅವರು ಅದರಲ್ಲೊಂದು ಸೂಚನೆ ಕಾಣುತ್ತಿದ್ದರು.

"ಕೇಮ್ ಭಟ್‌ಜಿ, ಮೀಟರ್ ಜೊತೆ ಏನು ಮಾತುಕತೆ? ಗ್ಯಾಸಿನದ್ದು ಏನು ಮಾಡ್ತೀರಿ?"

"ದೇಖೇಂಗೇ" ಎಂದರು ಭಟ್ಟರು. ಕಾಂಬ ಎಂಬುದು ಹಿಂದಿಯಲ್ಲಿ ಅವರ ಬಾಯಿಂದ ಬರುವುದು ಹಾಗೆ.

"ಕಂಪನಿಯ ಸಾಹೇಬರೆಲ್ಲ ನಿಮ್ಮ ಹೋಟೆಲಿಗೇ ಬರೋದಲ್ವಾ ತಿಂಡಿಗೆ?"

"ದಿನಾ ಬರ್ತಾರೆ."

"ಏನಾದ್ರೂ ಹೇಳ್ತಾರಾ?"

ಹೇಳುತ್ತಿದ್ದರು. ಸಾಂಬಾರು ಇನ್ನೊಂದು ಬಟ್ಟಲು ತಾ ಎನ್ನುತ್ತಿದ್ದರು, ಸುಪಾರಿ ಎಲ್ಲಿ ಎನ್ನುತ್ತಿದ್ದರು. ಇಷ್ಟನ್ನು ಭಟ್ಟರು ಹೇಳಿಬಿಟ್ಟಿದ್ದರೆ ಈ ಕಥೆ ಇಲ್ಲಿಗೇ ಮುಗಿದು ನಮಗೆಲ್ಲ ಬಿಡುವಾಗುತ್ತಿತ್ತು. ಆದರೆ ಜಶುಭಾಯಿಯ ಕಣ್ಣು ಅಷ್ಟು ದೊಡ್ಡದಾಗಿ ಅರಳಿತ್ತು. ಭಟ್ಟರ ಅಭಿಪ್ರಾಯಕ್ಕಾಗಿ ಇದುವರೆಗೆ ಯಾರ ಕಣ್ಣೂ ಅರಳಿದ್ದಿಲ್ಲ. ಅವರು ಟವೆಲನ್ನು ಹೆಗಲ ಮೇಲೆ ಸರಿಯಾಗಿ ಹಾಕಿಕೊಂಡು ಮೆಲ್ಲನೆ ನಕ್ಕರು.

"ಅದೆಲ್ಲ ಹೊರಗೆ ಹೇಳುವಂಥದ್ದಲ್ಲ, ಜಶುಭಾಯಿ."

ಸಂಜೆಯೊಳಗೆ ಇಡೀ ಸೊಸೈಟಿಗೆ ಸುದ್ದಿಯಾಯಿತು. ಭಟ್‌ಜಿಗೆ ಒಳಗಿನ ವಿಷಯ ಗೊತ್ತಿದೆ. ಆದರೆ ಪಕ್ಕಾ ಆಸಾಮಿ, ಬಾಯಿ ಬಿಡುತ್ತಿಲ್ಲ.

ಸೂರತ್ತಿನ ಜನ ಬಾಯಿ ಬಿಡದವನ ಬಾಯಿಗೆ ಮೊದಲು ಏನಾದರೂ ಹಾಕುತ್ತಾರೆ. ಭಟ್ಟರ ಮನೆಯ ಕೆಳಗಡೆಯೇ ಇದ್ದ ಇಂದುಬೇನ್ ಕಡಲೆಬೇಳೆಯ ಲೋಚೋ ಕಳಿಸಿದರು. ಎದುರು ಮನೆಯಿಂದ ಖಾಂಡ್ವಿ ಬಂತು. ಸೊಸೈಟಿಯ ಸೆಕ್ರೆಟರಿ, ಅದುವರೆಗೆ ಭಟ್ಟರನ್ನು ಕಂಡರೆ ಸ್ಕೂಟರು ನಿಲ್ಲಿಸುವ ಜಾಗದ ವಿಷಯ ಮಾತ್ರ ಎತ್ತುತ್ತಿದ್ದವರು, ತುಪ್ಪ ಸುರಿಯುವ ಘಾರಿ ಸಿಹಿಯ ಡಬ್ಬಿಯನ್ನೇ ಹಿಡಿದು ಬಂದರು. ಗಂಜಿಯಿಂದ ಸೊರಗಿದ್ದ ಭಟ್ಟರು ಎಲ್ಲವನ್ನೂ ತಿಂದು, ಎಲ್ಲರಿಗೂ "ದೇಖೇಂಗೇ" ಎಂದರು. ಮರುದಿನದಿಂದ ಹೋಟೆಲಿನಲ್ಲಿ ಗಿರಾಕಿಗಳು ಬಿಟ್ಟುಹೋಗುವ ಗುಲಾಬಿ ಬಣ್ಣದ ಶೇರುಪೇಟೆ ಪತ್ರಿಕೆಯೊಂದನ್ನು ಕಂಕುಳಲ್ಲಿ ಹಿಡಿದು ಮನೆಗೆ ಬರತೊಡಗಿದರು. ಓದಲಿಕ್ಕಲ್ಲ, ಹಿಡಿಯಲಿಕ್ಕೆ.

ಗಿರಿಜೆ ಎಲ್ಲವನ್ನೂ ನೋಡುತ್ತಿದ್ದಳು. "ಊರಿಗೆಲ್ಲ ಸಲಹೆ ಕೊಡುವವರು ಮನೆಗೆ ಎಂತ ಹೇಳಿದ್ರಿ?" ಎಂದು ಕೇಳಿದಳು.

"ಕಾಂಬ" ಎಂದರು ಭಟ್ಟರು. ಗಂಜಿ ಬಂತು.

ಖಾಲಿ ತಟ್ಟೆ ವಾಪಸು ತೆಗೆದುಕೊಂಡು ಹೋಗಲು ಬಂದ ಇಂದುಬೇನ್ ಆ ಗಂಜಿಯನ್ನು ಕಂಡುಬಿಟ್ಟರು. ಪಲ್ಯವಿಲ್ಲ, ರೊಟ್ಟಿಯಿಲ್ಲ, ಒಗ್ಗರಣೆಯ ವಾಸನೆಯಿಲ್ಲ, ಬರೀ ನೀರನ್ನ! ಕೂಡಲೇ ಕೆಳಗೆ ಓಡಿ ಜಶುಭಾಯಿಗೆ ವರದಿ ಒಪ್ಪಿಸಿದರು.

"ಗ್ಯಾಸ್ ಉಳಿಸ್ತಿದ್ದಾರೆ!" ಎಂದು ಜಶುಭಾಯಿ ತೊಡೆ ತಟ್ಟಿದರು. "ಈಗಿಂದಲೇ ಉಳಿತಾಯ ಶುರು ಮಾಡಿದ್ದಾರೆ ಅಂದ್ರೆ ಪೈಪಿನ ದರ ಆಕಾಶಕ್ಕೆ ಹೋಗ್ತದೆ ಅಂತ ಅರ್ಥ."

ಅಂದು ರಾತ್ರಿ ಅರ್ಧ ಸೊಸೈಟಿ ಖಿಚಡಿ ತಿಂದು ಮಲಗಿತು.

ಇದು ಇಷ್ಟರಲ್ಲೇ ತಣ್ಣಗಾಗುತ್ತಿತ್ತೋ ಏನೋ. ಆದರೆ ಅದೇ ವಾರ ಹೋಟೆಲಿಗೆ ದೊಡ್ಡ ಕರೆಂಟಿನ ಗ್ರೈಂಡರು ಬಂತು, ಊರಿಂದ ತರಿಸಿದ್ದ ಹಳೆಯ ಅರೆಯುವ ಕಲ್ಲು ಮೂಲೆಗೆ ಬಿತ್ತು. "ಇದನ್ನ ನಿಮ್ಮ ಮನೆಗೆ ಸಾಗಿಸಿ ಭಟ್ರೇ, ಗಿರಿಜಮ್ಮ ಎಷ್ಟು ಸಲ ಕೇಳಿದ್ದಾರೆ" ಎಂದರು ಯಜಮಾನರು. ಭಟ್ಟರು ಎಂದಿನಂತೆ ಒಪ್ಪಿಕೊಂಡರು. ಕಲ್ಲಿನಲ್ಲಿ ಅರೆದ ಹಿಟ್ಟಿನ ರುಚಿಯೇ ಬೇರೆ ಎಂದು ಗಿರಿಜೆ ಸೂರತ್ತಿಗೆ ಬಂದ ದಿನದಿಂದ ಕೊರಗುತ್ತಿದ್ದುದು ನಿಜ. ತೊಂದರೆಯೆಂದರೆ, ಮೇಲಿನ ಮಹಡಿಗಳಲ್ಲಿ ಕುಟ್ಟುವುದು ಅರೆಯುವುದು ಕೂಡದು ಎಂದು ಸೊಸೈಟಿಯ ನಿಯಮವಿತ್ತು. ಆದ್ದರಿಂದ ಭಟ್ಟರು ಕಲ್ಲಿಗೆ ತಲೆಯಿಂದ ಬುಡದವರೆಗೆ ಗೋಣಿ ಸುತ್ತಿ ಹಗ್ಗ ಬಿಗಿದು, ಇಡೀ ಸೊಸೈಟಿ ಊಟ ಮಾಡಿ ಮಲಗುವ ಮಧ್ಯಾಹ್ನದ ಹೊತ್ತಿಗೆ ರಿಕ್ಷಾದಲ್ಲಿ ತಂದರು.

ದುಂಡಗೆ, ಭಾರವಾಗಿ, ಗೋಣಿ ಹೊದ್ದ ವಸ್ತು. ಹೋಟೆಲಿನ ಇಬ್ಬರು ಅದನ್ನು ಏದುಸಿರು ಬಿಡುತ್ತ ಮೆಟ್ಟಿಲೇರಿಸುತ್ತಿದ್ದರು. ಹಿಂದೆ ಭಟ್ಟರು ತುಟಿಯ ಮೇಲೆ ಬೆರಳಿಟ್ಟು "ಶ್! ಶ್!" ಎನ್ನುತ್ತಿದ್ದರು. ಎರಡನೆಯ ಮಹಡಿಯಲ್ಲಿ ಜಶುಭಾಯಿಯ ಬಾಗಿಲು ಒಂದು ಬೆರಳಷ್ಟು ತೆರೆದಿತ್ತು.

"ಭಟ್‌ಜಿ, ಏನದು?"

"ಕುಛ್ ನಹೀಂ" ಎಂದರು ಭಟ್ಟರು ಬೆವರೊರೆಸುತ್ತ. "ಘರ್ ಕಾ ಸಾಮಾನ್."

ನಾಲ್ಕು ಗಂಟೆಯ ಚಹಾದ ಹೊತ್ತಿಗೆ ಸೊಸೈಟಿಯ ಅಂಗಳದಲ್ಲಿ ಗುಂಪು ಸೇರಿತ್ತು. ಭಟ್‌ಜಿ ಕದ್ದು ಸಿಲಿಂಡರು ತಂದಿದ್ದಾರೆ! ಪೈಪಿಗೆ ಭವಿಷ್ಯವಿಲ್ಲ! ಐದು ಗಂಟೆಗೆ ಸಿಲಿಂಡರು ಏಜೆನ್ಸಿಯ ಮುಂದೆ ಈ ಸೊಸೈಟಿಯವರ ಸಾಲು ಹನುಮಂತನ ಬಾಲದಂತೆ ಬೆಳೆಯಿತು. ಸಾಲು ಕಂಡು ಪಕ್ಕದ ಸೊಸೈಟಿಯವರು ಬಂದು ಸೇರಿದರು. ಅವರನ್ನು ಕಂಡು ಏನು ಎತ್ತ ಎಂದು ತಿಳಿಯದ ದಾರಿಹೋಕರೂ ನಿಂತರು. ಸೂರತ್ತಿನಲ್ಲಿ ಸಾಲು ಇದ್ದರೆ ಅದರ ತುದಿಯಲ್ಲಿ ಲಾಭ ಇರಲೇಬೇಕು. ಏಜೆನ್ಸಿಯ ಮಾಲೀಕ ಆನಂದದಿಂದ ಎಲ್ಲರಿಗೂ ಸೋಡಾ ಕೊಡಿಸಿ, ಹೆಚ್ಚಿನ ಸಿಲಿಂಡರುಗಳಿಗೆ ಹೇಳಿ ಕಳಿಸಿದ.

ಮೇಲೆ ಭಟ್ಟರ ಮನೆಯಲ್ಲಿ, ಅಡಿಗೆಯ ಮುಷ್ಕರದ ನಡುವೆಯೂ ಆಸೆ ತಡೆಯದ ಗಿರಿಜೆಯ ಕೈಯಲ್ಲಿ, ಕಲ್ಲು ಗಡಗಡ ತಿರುಗುತ್ತಿತ್ತು. ಕೆಳಗೆ ಇಂದುಬೇನ್ ಚಾವಣಿ ನೋಡಿ, ಎಷ್ಟು ಸಿಲಿಂಡರು ಉರುಳಿಸುತ್ತಿದ್ದಾರಪ್ಪಾ ಎಂದು ಬೆರಗಾದರು.

ಆ ರಾತ್ರಿ ವಡೋದರಾದಿಂದ ಭಟ್ಟರ ಅಕ್ಕ ಸುಲೋಚನಾ ಫೋನು ಮಾಡಿದರು. ಅಲ್ಲಿನ ಫತೇಗಂಜಿನಲ್ಲಿ ವಿದ್ಯಾರ್ಥಿಗಳಿಗೆ ಊಟದ ಮೆಸ್ಸು ನಡೆಸುವ ಅವರಿಗೆ ಸಿಟ್ಟು ಮೊದಲು ಬರುತ್ತದೆ, ಮಾತು ಆಮೇಲೆ.

"ಏ ಪದ್ದು, ನಿಂಗೆ ಗ್ಯಾಸಿನ ಒಳಗುಟ್ಟು ಗೊತ್ತುಂಟಂತೆ, ಸ್ವಂತ ಅಕ್ಕಂಗೆ ಒಂದು ಮಾತು ಹೇಳುಕಾಗ್ಲಿಲ್ವಾ? ಇಲ್ಲಿ ಸೂರತ್ತಿನ ಸೀರೆ ಏಜೆಂಟ ಬಂದು ಹೇಳ್ಬೇಕಾಯ್ತು! ನಾನು ಅಹಮದಾಬಾದಿಗೂ ಫೋನ್ ಮಾಡಿ ಹೇಳಿಯಾಯ್ತು, ಅಲ್ಲಿ ವಸ್ತ್ರಾಪುರದ ನಮ್ಮವರೆಲ್ಲ ಕಾಯ್ತಿದ್ದಾರೆ. ಎಂತ ಮಾಡುದು, ಬೇಗ ಹೇಳು!"

"ಅಕ್ಕಾ, ನಂಗೆಂತದೂ ಗೊತ್ತಿಲ್ಲ."

"ನನ್ನ ಹತ್ರವೂ ಗುಟ್ಟಾ? ಚಡ್ಡಿ ಹಾಕುಕೆ ಕಲಿಸಿದವಳು ನಾನು, ನೆನಪಿರಲಿ!" ಎಂದು ಅಕ್ಕ ಫೋನು ಕುಕ್ಕಿದರು.

ಮೂರು ಊರು ತಮ್ಮ ಬಾಯಿಗಾಗಿ ಕಾಯುತ್ತಿವೆ ಎಂದು ತಿಳಿದು ಭಟ್ಟರಿಗೆ ಗಂಜಿಯೂ ಇಳಿಯಲಿಲ್ಲ.

ಇತ್ತ ಪೈಪು ಬೇಡವೆಂಬ ಅರ್ಜಿಗಳು ಒಂದೇ ಸೊಸೈಟಿಯಿಂದ ಒಂದೇ ದಿನ ರಾಶಿ ಬಿದ್ದದ್ದು ಕಂಡು ಗ್ಯಾಸ್ ಕಂಪನಿಯಲ್ಲಿ ಗಲಿಬಿಲಿಯಾಯಿತು. ಯಾರೋ ಮುಖಂಡ ಚಳವಳಿ ಎಬ್ಬಿಸಿದ್ದಾನೆಂದು ತಿಳಿದು, ರಾಜಿ ಮಾಡಿಕೊಂಡು ಬರಲು ಟೈ ಕಟ್ಟಿದ ಹೊಸ ಅಧಿಕಾರಿಯೊಬ್ಬನನ್ನು ಕಳಿಸಿದರು. ಅವನು ಮುಖಂಡನ ಮನೆ ಯಾವುದೆಂದು ಕೇಳಿದ. ಹತ್ತು ಕೈಗಳು ಮೂರನೆಯ ಮಹಡಿ ತೋರಿಸಿದವು.

ಬಾಗಿಲು ತೆರೆದ ಭಟ್ಟರು ಟೈ ಕಂಡೇ ನಡುಗಿದರು. ಅಧಿಕಾರಿ ಮುಖಂಡನನ್ನು ಕಂಡು ನಡುಗಿದ. ಇಬ್ಬರೂ ಸ್ವಲ್ಪ ಹೊತ್ತು ಎದುರುಬದುರು ನಡುಗಿದ ಮೇಲೆ ಭಟ್ಟರ ಬಾಯಿಂದ ಗಲ್ಲಾದ ಮಾತು ತಾನಾಗಿ ಬಂತು: "ತಿಂಡಿ ಏನು ತಗೊಳ್ತೀರಿ?"

ಕಲ್ಲಿನಲ್ಲಿ ಅರೆದ ಹಿಟ್ಟು ಸಿದ್ಧವಿತ್ತು. ಅತಿಥಿ ಬಂದಾಗ ಮುಷ್ಕರ ನಡೆಸುವಷ್ಟು ಗಿರಿಜೆ ಕಲ್ಲೆದೆಯವಳಲ್ಲ. ನೀರುದೋಸೆ, ಕಾಯಿಚಟ್ನಿ ಬಂತು. ಅಧಿಕಾರಿ ತಿಂದ, ಮತ್ತೆ ತಿಂದ, ಟೈ ಸಡಿಲಿಸಿ ತಿಂದ. "ಸರ್, ನಿಮ್ಮ ಬೇಡಿಕೆಗಳೇನು?" ಎಂದು ನಡುನಡುವೆ ಕೇಳಿದ. ಭಟ್ಟರು "ಇನ್ನೊಂದು ಹಾಕಿಸಿಕೊಳ್ಳಿ" ಎಂದರು. ಹೋಗುವಾಗ ಅವನ ಕೈಯಲ್ಲಿ ಚಟ್ನಿಯ ಡಬ್ಬಿಯಿತ್ತು. ಅಂಗಳದಲ್ಲಿ ಎಲ್ಲರ ಎದುರು ಭಟ್ಟರ ಕೈಯನ್ನು ಎರಡೂ ಕೈಗಳಿಂದ ಹಿಡಿದು ಕುಲುಕಿ, "ನಿಮ್ಮಂಥವರು ನಮ್ಮ ಕಂಪನಿಯ ಜೊತೆ ಇರಬೇಕು ಸರ್!" ಎಂದು ಹೊಟ್ಟೆ ತುಂಬಿದವರ ದನಿಯಲ್ಲಿ ಕೂಗಿದ.

ಜಶುಭಾಯಿ ಹಣೆ ಚಚ್ಚಿಕೊಂಡರು. "ಕೈ ಕುಲುಕಿದ್ರು! ಡಬ್ಬಿಯಲ್ಲಿ ಏನೋ ಕೊಟ್ರು! ಸೌದಾ ಆಗಿಹೋಯ್ತು! ಭಟ್‌ಜಿ ಪೈಪಿನ ಕಡೆ! ನಮ್ಮನ್ನ ಸಿಲಿಂಡರಿಗೆ ಓಡಿಸಿ ತಾವು ಪೈಪು ಹಿಡಿದ್ರು!"

ಜನ ಏಜೆನ್ಸಿಗೆ ವಾಪಸು ಓಡಿದರು. ಸಿಲಿಂಡರು ಬೇಡ, ಹೆಸರು ಹೊಡೆದುಹಾಕಿ! ಅಷ್ಟರಲ್ಲಿ ಏಜೆನ್ಸಿಯ ಮಾಲೀಕ ಒಂದು ಟೆಂಪೋ ತುಂಬ ಸಿಲಿಂಡರು ಹೇರಿಕೊಂಡು ಸೊಸೈಟಿಗೇ ಬಂದು ಇಳಿದಿದ್ದ. ಬೇಡವೆಂದದ್ದು ಕೇಳಿ ಟೆಂಪೋದ ಮೇಲೆ ಹತ್ತಿ ನಿಂತು ಇಡೀ ಸೊಸೈಟಿಯ ವಂಶಾವಳಿಯನ್ನು ಶುದ್ಧ ಸೂರತಿ ಭಾಷೆಯಲ್ಲಿ ಬಣ್ಣಿಸತೊಡಗಿದ. ಆ ಭಾಷೆಯನ್ನು ಇಲ್ಲಿ ಬರೆಯುವಂತಿಲ್ಲ. ಸೊಸೈಟಿಯ ಹೆಂಗಸರು ಕಿಟಕಿ ಮುಚ್ಚಿ, ಕೇಳಿಸುವಷ್ಟು ಸಂದು ಬಿಟ್ಟುಕೊಂಡರು.

ಕೊನೆಗೆ ಸೆಕ್ರೆಟರಿ ತುರ್ತು ಸಭೆ ಕರೆದರು. ಭಾನುವಾರ ಸಂಜೆ, ಅಂಗಳದಲ್ಲಿ. ಒಂದೇ ವಿಷಯ: ಭಟ್‌ಜಿ ಬಾಯಿ ಬಿಡುವುದು.

ನಡುವೆ ಒಂದು ಕುರ್ಚಿ. ಅದರ ಮೇಲೆ ಭಟ್ಟರು. ಸುತ್ತ ಸೊಸೈಟಿ. ಗೇಟಿನಲ್ಲಿ ಪಕ್ಕದ ಸೊಸೈಟಿ. ಟೆಂಪೋಗೆ ಒರಗಿ ಏಜೆನ್ಸಿಯ ಮಾಲೀಕ. ಎಲ್ಲಿಂದಲೋ ವಾಸನೆ ಹಿಡಿದು ಬಂದ ಕಡಲೆಕಾಯಿ ಮಾರುವವನು.

"ನಂಗೆ ಏನೂ ಗೊತ್ತಿಲ್ಲ" ಎಂದು ಭಟ್ಟರು ಎದ್ದು ನಿಂತು ತಮ್ಮ ಹೋಟೆಲು ಹಿಂದಿಯಲ್ಲಿ ಶುರುಮಾಡಿದರು. "ಕಂಪನಿಯವರು ಹೋಟೆಲಿಗೆ ಬರ್ತಾರೆ, ಇಡ್ಲಿ ತಿಂತಾರೆ, ಹೋಗ್ತಾರೆ. ಗೋಣಿಯಲ್ಲಿ ಇದ್ದದ್ದು ಸಿಲಿಂಡರ್ ಅಲ್ಲ, ಅರೆಯೋ ಕಲ್ಲು. ಡಬ್ಬಿಯಲ್ಲಿ ಇದ್ದದ್ದು ಚಟ್ನಿ."

ಇಂದುಬೇನ್ ಎದ್ದರು. "ಹಾಗಾದ್ರೆ ನನ್ನ ತಲೆ ಮೇಲೆ ದಿನಾ ಗುಡುಗೋದು ಆ ಕಲ್ಲಾ?"

"ನಂಬಬೇಡಿ!" ಜಶುಭಾಯಿ ಕೈಯೆತ್ತಿದರು. "ಗೊತ್ತಿಲ್ಲದವನು ಯಾವತ್ತಾದ್ರೂ ಗೊತ್ತಿಲ್ಲ ಅಂತ ನಾಲ್ಕು ಜನರ ಮುಂದೆ ಹೇಳ್ತಾನಾ? ನನ್ನ ಜೀವಮಾನದಲ್ಲಿ ನೋಡಿಲ್ಲ. ಇವರಿಗೆ ಎಲ್ಲ ಗೊತ್ತಿದೆ!"

ಹೌದೆಂದು ಸಭೆ ತಲೆದೂಗಿತು. ಇಂದುಬೇನ್ ಹೆಂಗಸರ ನಡುವೆ ನಿಂತಿದ್ದ ಗಿರಿಜೆಯ ಕಡೆ ತಿರುಗಿದರು. "ಬೇನ್, ನೀವಾದ್ರೂ ಹೇಳಿ. ನಿಮ್ಮನೇಲಿ ಏನು ಮಾಡ್ತೀರಿ?"

"ನಾನೂ ಅದನ್ನ ಕೇಳೋಕೇ ಬಂದಿದ್ದೇನೆ" ಎಂದಳು ಗಿರಿಜೆ.

ಸಭೆ ಗೊಳ್ಳೆಂದು ನಕ್ಕಿತು. ಭಟ್ಟರು ಅಭ್ಯಾಸಬಲದಿಂದ ಹೆಂಡತಿಯ ಮುಖ ನೋಡಿದರು. ಕಷ್ಟ ಬಂದಾಗಲೆಲ್ಲ ಅವಳ ಹುಬ್ಬು ಸ್ವಲ್ಪ ಮೇಲೇರಿದರೆ ಹೌದು, ಕೆಳಗಿಳಿದರೆ ಇಲ್ಲ. ಇಂದು ಹುಬ್ಬು ಎತ್ತಲೂ ಹೋಗಲಿಲ್ಲ. ಎಲ್ಲರೂ ನಗುತ್ತಿದ್ದರು, ಗಿರಿಜೆ ಮಾತ್ರ ನಗುತ್ತಿರಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದಳು. ಉಪನಯನದ ಪಂಕ್ತಿಯಲ್ಲೂ ಇವಳು ನಕ್ಕಿರಲಿಲ್ಲ ಎಂಬುದು ಭಟ್ಟರಿಗೆ ಈಗ ಹೊಳೆಯಿತು. ಸಾರು ಅಂದು ಖಾರವಿರಲಿಲ್ಲ. ತಾವೇ ಎರಡು ಸಲ ಹಾಕಿಸಿಕೊಂಡಿದ್ದರಲ್ಲ. ಅವರಿಗೆ ನಿಜವಾಗಿ ನಾಚಿಕೆಯಾಯಿತು.

"ಗಿರಿಜಾ" ಎಂದರು ಕನ್ನಡದಲ್ಲಿ. "ಅವತ್ತು ಎಲ್ಲರ ಎದುರು ನಾನು ಹಾಗೆ ಹೇಳ್ಬಾರದಿತ್ತು. ಒಳ್ಳೇದಾದ್ರೆ ನಮ್ಮದು, ಕೆಟ್ರೆ ನಿಂದು ಅಂತ ಮಾಡಿಬಿಟ್ಟೆ. ತಪ್ಪಾಯ್ತು."

ಮನೆಯವರನ್ನು ಬಿಟ್ಟು ಅಷ್ಟೂ ಜನರಲ್ಲಿ ಒಬ್ಬರಿಗೂ ಒಂದಕ್ಷರ ಅರ್ಥವಾಗಲಿಲ್ಲ.

"ಗುಪ್ತ ಭಾಷೆ!" ಜಶುಭಾಯಿ ಪಿಸುಗುಟ್ಟಿದರು. "ಹೆಂಡತಿಗೆ ರೇಟು ಹೇಳಿದ್ರು! ಯಾರಾದ್ರೂ ಅರ್ಥ ಹೇಳಿ!"

ಎಲ್ಲರೂ ನಮಿತಾಳನ್ನು ಮುಂದಕ್ಕೆ ತಳ್ಳಿದರು. ಮನೆಯಲ್ಲಿ ಅಪ್ಪ ಅಮ್ಮ ಜಗಳವಾಡುವಷ್ಟು ಕನ್ನಡ ಅವಳಿಗೆ ಬರುತ್ತಿತ್ತು, ರಾಜಿಯಾಗುವ ಕನ್ನಡ ಹೆಚ್ಚು ಕೇಳಿರಲಿಲ್ಲ. "ಪಪ್ಪಾ, ಅದು... ಮಮ್ಮಿಗೆ ಸಾರಿ ಹೇಳ್ತಿದ್ದಾರೆ, ಅಷ್ಟೇ" ಎಂದಳು.

"ಎಷ್ಟಕ್ಕೆ?" ಎಂದರು ಜಶುಭಾಯಿ.

ಅಷ್ಟರಲ್ಲಿ ಭಟ್ಟರು ಕುರ್ಚಿಯ ಮೇಲೆಯೇ ಹತ್ತಿ ನಿಂತಿದ್ದರು. ಕುರ್ಚಿ ಒಮ್ಮೆ ವಾಲಿತು, ಏಜೆನ್ಸಿಯ ಮಾಲೀಕ ಬಂದು ಹಿಡಿದುಕೊಂಡ.

"ಕೇಳಿ! ನಮ್ಮನೆಗೆ ಪೈಪೇ ಇರ್ತದೆ. ಫಿಕ್ಸ್! ನಾಳೆ ಹೋಗಿ ಬರೆದುಕೊಡ್ತೇನೆ. ಇದು ನಾನು ಹೇಳ್ತಿರೋದು. ನಾಳೆ ದರ ಬಿದ್ದು ನಂಗೆ ನಷ್ಟ ಆದ್ರೆ, ಬಂದು ನನ್ನನ್ನೇ ನೋಡಿ ನಗಿ!"

"ಕಾರಣ? ಕಾರಣ ಏನು ಭಟ್‌ಜಿ?" ನಾಲ್ಕೂ ಕಡೆಯಿಂದ ಕೂಗು ಬಂತು.

"ಕಾರಣ ಇಲ್ಲ" ಎಂದರು ಭಟ್ಟರು. "ತೀರ್ಮಾನ."

ಆ ರಾತ್ರಿ ಸೊಸೈಟಿಯಲ್ಲಿ ಯಾರಿಗೂ ಸರಿಯಾಗಿ ನಿದ್ದೆ ಬರಲಿಲ್ಲ. ಇಷ್ಟು ದಿನ ಬಚ್ಚಿಟ್ಟದ್ದನ್ನು ಇಷ್ಟು ಗಟ್ಟಿಯಾಗಿ ಹೇಳಿದರೆಂದರೆ ಇದೂ ಒಂದು ಮಸಲತ್ತೇ ಇರಬೇಕೆಂದು ಜಶುಭಾಯಿ ಮನೆಮನೆಗೆ ಹೋಗಿ ತಿಳಿಹೇಳಿದರು. ಭಟ್‌ಜಿ ಕಂಪನಿಯ ಕಿಟಕಿಯಲ್ಲಿ ನಿಜವಾಗಿ ಏನು ಬರೆದುಕೊಡುತ್ತಾರೋ ಅದನ್ನು ಕಣ್ಣಾರೆ ನೋಡಿದ ಮೇಲೆಯೇ ಉಳಿದವರು ಕೈ ಹಾಕುವುದೆಂದು ಠರಾವಾಯಿತು.

ಹಾಗಾಗಿ ಸೋಮವಾರ ಭಟ್ಟರು ಗಿರಿಜೆಯೊಡನೆ ಗ್ಯಾಸ್ ಕಂಪನಿಯ ಕಚೇರಿಗೆ ಹೊರಟಾಗ ಹಿಂದಿನಿಂದ ಜಶುಭಾಯಿಯ ಮುಂದಾಳತ್ವದಲ್ಲಿ ಸೊಸೈಟಿಯ ಸ್ಕೂಟರುಗಳು ದಿಬ್ಬಣದಂತೆ ಬಂದವು. ಭಟ್ಟರು ನೆಟ್ಟಗೆ ನಡೆದು ಕಿಟಕಿಯ ಮುಂದೆ ನಿಂತರು. ಹೊಸ ಮನುಷ್ಯರಾಗಿದ್ದರು. ಎದೆ ಸ್ವಲ್ಪ ಮುಂದೆಯೇ ಇತ್ತು.

"ಫಿಕ್ಸ್" ಎಂದರು.

ಒಳಗಿದ್ದ ಹೆಣ್ಣುಮಗಳು ತಲೆ ಎತ್ತದೆ ಕೇಳಿದಳು. "ಒಂದು ವರ್ಷಕ್ಕೋ, ಎರಡು ವರ್ಷಕ್ಕೋ?"

ಭಟ್ಟರ ಎದೆ ಒಳಗೆ ಹೋಯಿತು. ಇದು ಯಾರೂ ಹೇಳದ ಸಂಗತಿ. ಒಂದು ತೀರ್ಮಾನದ ಹೊಟ್ಟೆಯಲ್ಲಿ ಇನ್ನೊಂದು ತೀರ್ಮಾನ ಇರುತ್ತದೆಂದು ಗೊತ್ತಿದ್ದರೆ ಅವರು ಈ ವ್ಯವಹಾರಕ್ಕೇ ಕೈಹಾಕುತ್ತಿರಲಿಲ್ಲ. ಹಿಂದೆ ಸಾಲಿನಲ್ಲಿ ಸೆಕ್ರೆಟರಿ "ಏನಂತೆ, ಏನಂತೆ?" ಎನ್ನುತ್ತಿದ್ದರು. ಭಟ್ಟರು ಮೆಲ್ಲನೆ ಪಕ್ಕಕ್ಕೆ ನೋಡಿದರು. ಗಿರಿಜೆ ತಲೆ ಮೇಲೆತ್ತಿ ಕಚೇರಿಯ ಫ್ಯಾನನ್ನು ನೋಡುತ್ತಿದ್ದಳು. ಅಷ್ಟು ಶ್ರದ್ಧೆಯಿಂದ ಯಾರೂ ಫ್ಯಾನನ್ನು ನೋಡಿರಲಾರರು.

"ಒಂದೋ, ಎರಡೋ? ಹಿಂದೆ ಜನ ಇದ್ದಾರೆ" ಎಂದಳು ಒಳಗಿನವಳು.

ಭಟ್ಟರು ಕಣ್ಣು ಮುಚ್ಚಿದರು. "ಎರಡು!"

ಠಪ್ಪೆಂದು ಮುದ್ರೆ ಬಿತ್ತು. ಹಿಂದಿನಿಂದ ಜಶುಭಾಯಿಯ ದನಿ ಕೇಳಿಸಿತು: "ಎರಡು ಅಂದ್ರು! ಇದೂ ಮಸಲತ್ತೇ, ಎಲ್ಲರೂ ಒಂದೇ ಬರೆಸಿ!" ಕಿಟಕಿಯ ಮುಂದೆ ನೂಕುನುಗ್ಗಲಾಯಿತು.

ಗಂಡ ಹೆಂಡತಿ ಆ ಗದ್ದಲದಿಂದ ಹೇಗೋ ನುಸುಳಿ ರಸ್ತೆಗೆ ಬಂದು ರಿಕ್ಷಾ ಹತ್ತಿದರು. ರಿಕ್ಷಾ ತಾಪಿ ನದಿಯ ಸೇತುವೆ ಏರಿತು. ಗಿರಿಜೆ, ತಡೆಹಿಡಿದ ಮಾತು ತಾನಾಗಿ ಜಾರಿದಂತೆ, ಹೊರಗೆ ನೋಡುತ್ತ ಹೇಳಿದಳು.

"ಒಂದು ವರ್ಷ ಸಾಕಿತ್ತು."

ಭಟ್ಟರಿಗೆ ಸಿಟ್ಟು ನೆತ್ತಿಗೇರಿತು. ಮದುವೆಯಾದ ಮೇಲೆ ಮೊದಲ ಸಲ ಹೆಂಡತಿಯ ಜೊತೆ ಜಗಳವಾಡಲು ಅವರ ಹತ್ತಿರ ಸ್ವಂತದ್ದೊಂದು ಕಾರಣವಿತ್ತು. ಅದನ್ನು ಅವರು ಬಿಡುವಂತಿರಲಿಲ್ಲ.

"ಎರಡು ಅಂದ್ರೆ ಎರಡೇ!" ಎಂದು ರಿಕ್ಷಾದವನು ಹಿಂತಿರುಗಿ ನೋಡುವಷ್ಟು ಜೋರಾಗಿ ಕೂಗಿದರು. "ಎಂತಕ್ಕೆ ಒಂದು? ಹೇಳು ಕಾಂಬ, ಎಂತಕ್ಕೆ ಒಂದು?"

ಗಿರಿಜೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಗು ನಿಲ್ಲಲಿಲ್ಲ. ಮನೆ ಬರುವವರೆಗೂ ಅವಳು ನಗುತ್ತಲೇ ಇದ್ದಳು, ಮನೆ ಬರುವವರೆಗೂ ಭಟ್ಟರು ಜಗಳವಾಡುತ್ತಲೇ ಇದ್ದರು.